ಶಾಬಿ ಅಲೊನ್ಸೊ: 34, 51, 53ರ ಲೆಕ್ಕ ನನಗೆ ಹೊಂದಿದ್ದು ಹೀಗೆ

ಶಾಬಿ ಅಲೊನ್ಸೊ ಫುಟ್‌ಬಾಲ್ ಆಟಗಾರರಾಗಿದ್ದು ಕೋಚ್ ಆದವರು. 34, 51, 53 ಅನ್ನುವುದು ಅವರು ಕೋಚ್ ಆಗಿದ್ದ ಜರ್ಮನಿಯ ಬಾಯರ್ ಲೆವರ್ಕುಸೆನ್ ಕ್ಲಬ್ 2023-24ರಲ್ಲಿ ಆಡಿದ ಪಂದ್ಯಗಳ ಲೆಕ್ಕ. ಮೊದಲು ಹೆಸರು. ಶಾಬಿ ಅಲೊನ್ಸೊ ಬೇರೆ, ಚಾವಿ ಹೆರ್ನಾಂಡೆಸ್ ಬೇರೆ. ಇಬ್ಬರೂ ಸ್ಪೇನ್‌ನವರು, ಇಬ್ಬರೂ ಮಿಡ್‌ಫೀಲ್ಡರ್‌ಗಳು. 2010ರ ವಿಶ್ವಕಪ್ಪನ್ನು ಒಟ್ಟಿಗೇ ಗೆದ್ದರು, ಆಮೇಲೆ ಇಬ್ಬರೂ ಕೋಚ್ ಆದರು. ಎರಡು ದಿನ ನಾನು ಇಬ್ಬರನ್ನೂ ಒಬ್ಬರೇ ಅಂದುಕೊಂಡು ಓದಿದ್ದೆ. ಚಾವಿ ಬಾರ್ಸಿಲೋನಾದ ಆಟಗಾರರಾಗಿದ್ದವರು. ಅಲೊನ್ಸೊ ಉತ್ತರ ಸ್ಪೇನ್‌ನ ಬಾಸ್ಕ್ ಸೀಮೆಯ ಹುಡುಗ, ಬಾರ್ಸಿಲೋನಾ ಪರ ಆಡಿದವರೇ ಅಲ್ಲ. ಅಲ್ಲಿ ಆಡಿದ್ದು ಅವರ ಅಪ್ಪ ಪೆರಿಕೊ ಅಲೊನ್ಸೊ! ಇದನ್ನು ಬೇರೆ ಬಣ್ಣದ ಪೆನ್ನಲ್ಲಿ ಬರೆದುಕೊಳ್ಳಿ.

ಆಟಗಾರನ ಬದುಕು ಬೇಗ ಮುಗಿಸ್ತೀನಿ. ಹುಟ್ಟಿದ್ದು 1981ರ ನವೆಂಬರ್ 25, ತೊಲೊಸಾ ಊರಲ್ಲಿ. ಮೊದಲ ಕ್ಲಬ್ ರಿಯಲ್ ಸೊಸಿಯೆದಾದ್. ಅದೇ ಕ್ಲಬ್ಬಿಗೆ ಅಪ್ಪ ಎರಡು ಸಲ ಸ್ಪೇನ್ ಲೀಗ್ ಗೆದ್ದುಕೊಟ್ಟಿದ್ದರು. ಮಗನ ಕಾಲದಲ್ಲಿ, 2003ರಲ್ಲಿ, ಬರೀ ಎರಡು ಅಂಕದಿಂದ ಲೀಗ್ ಕೈತಪ್ಪಿತು. 2004ರಲ್ಲಿ ಲಿವರ್‌ಪೂಲ್, 2009ರಲ್ಲಿ ರಿಯಲ್ ಮ್ಯಾಡ್ರಿಡ್, 2014ರಲ್ಲಿ ಬಯರ್ನ್ ಮ್ಯೂನಿಕ್, 2017ರಲ್ಲಿ ನಿವೃತ್ತಿ. ಸ್ಪೇನ್ ಪರ 114 ಪಂದ್ಯ. ನೂರನೆಯದು 2012ರ ಯೂರೋ ಕಪ್ಪಿನ ಕ್ವಾರ್ಟರ್ ಫೈನಲ್. ಫ್ರಾನ್ಸ್ ವಿರುದ್ಧ 2-0 ಗೆಲುವು, ಎರಡೂ ಗೋಲು ಇವರದೇ.

ಗಮನಿಸಬೇಕಾದದ್ದು ಆಡಿದ ಜಾಗ. ರಕ್ಷಣೆಯ ಸಾಲಿನ ಸ್ವಲ್ಪ ಮುಂದೆ, ಮೈದಾನದ ನಡುವೆ. ಓಟ ಕಮ್ಮಿ, ನೋಟ ಜಾಸ್ತಿ. ಚೆಂಡು ಬರುವ ಮೊದಲೇ ಎಲ್ಲಿಗೆ ಕಳಿಸಬೇಕು ಅಂತ ತಲೆಯಲ್ಲಿ ಇರಬೇಕು. ಅರ್ಧ ಕೋಚ್ ಕೆಲಸ ಅಲ್ಲೇ ನಡೆದಿತ್ತು ಅನ್ನಿಸುತ್ತದೆ ನನಗೆ. ಅದರ ಮೇಲೆ ಬೆನಿತೆಜ್, ಮೊರಿನೊ, ಆಂಚೆಲೊಟ್ಟಿ, ಗಾರ್ಡಿಯೋಲಾ ಇಷ್ಟೂ ಕೋಚ್‌ಗಳ ಕೈಕೆಳಗೆ ಆಡಿದವರು.

ಹಾಗಿದ್ದೂ ದೊಡ್ಡ ಕ್ಲಬ್ಬಿಗೆ ನೇರವಾಗಿ ಹಾರಲಿಲ್ಲ. 2018ರಲ್ಲಿ ರಿಯಲ್ ಮ್ಯಾಡ್ರಿಡ್‌ನ 14ರೊಳಗಿನ ಹುಡುಗರಿಗೆ ಕಲಿಸಿದರು. 2019ರಿಂದ ಮೂರು ವರ್ಷ ರಿಯಲ್ ಸೊಸಿಯೆದಾದ್‌ನ ಬಿ ತಂಡ. ಸ್ಪೇನ್‌ನಲ್ಲಿ ಬಿ ತಂಡಗಳೂ ಉಳಿದ ಕ್ಲಬ್‌ಗಳ ಜೊತೆ ಅದೇ ಲೀಗ್ ಏಣಿಯಲ್ಲೇ ಆಡುತ್ತವೆ. ಮೇಲೆ ಹತ್ತಬಹುದು, ಆದರೆ ಸ್ವಂತ ಎ ತಂಡ ಇರುವ ಮೆಟ್ಟಿಲಿಗೆ ಬರುವಂತಿಲ್ಲ. ಇವರ ಬಿ ತಂಡ 2021ರಲ್ಲಿ ಎರಡನೇ ಡಿವಿಷನ್‌ಗೆ ಹತ್ತಿತು, 2022ರಲ್ಲಿ ಇಳಿಯಿತು. ಇಳಿದದ್ದನ್ನು ಎಷ್ಟೋ ಜನ ಬರೆಯುವುದೇ ಇಲ್ಲ. ನೀವು ಬರೆಯಿರಿ.

ಇನ್ನು ಬಾಯರ್ ಲೆವರ್ಕುಸೆನ್ ವಿಷಯ. 2022ರ ಅಕ್ಟೋಬರ್‌ನಲ್ಲಿ ಅಲೊನ್ಸೊ ಬಂದಾಗ ತಂಡ ಜರ್ಮನ್ ಲೀಗ್‌ನ 18 ತಂಡಗಳಲ್ಲಿ 17ನೇ ಜಾಗದಲ್ಲಿತ್ತು. ಆ ಸೀಸನ್ ಮುಗಿದಾಗ ಆರನೇ ಜಾಗ. ಮುಂದಿನ ಸೀಸನ್, 2023-24, ಚಾಂಪಿಯನ್! ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಲೀಗ್ ಪಟ್ಟ. ಅದಕ್ಕೂ ಮೊದಲು ಐದು ಸಲ ಎರಡನೇ ಸ್ಥಾನಕ್ಕೇ ನಿಂತು, "ನೆವರ್‌ಕುಸೆನ್" (ಇಂಗ್ಲಿಷ್‌ನ ನೆವರ್, ಅಂದರೆ ಎಂದೂ ಗೆಲ್ಲದವರು) ಅಂತ ಗೇಲಿ ಮಾಡಿಸಿಕೊಂಡಿದ್ದ ತಂಡ ಇದು. ಅದಕ್ಕೆ ಹಿಂದೆ ಈ ಲೀಗನ್ನು ಬಯರ್ನ್ ಮ್ಯೂನಿಕ್ ಸತತ 11 ವರ್ಷ ಗೆದ್ದಿತ್ತು. ಅದರಲ್ಲಿ ಮೂರು ವರ್ಷ ಬಯರ್ನ್ ಪರ ಆಡಿದ್ದು ಇದೇ ಅಲೊನ್ಸೊ.

ನಾನು ಎಡವಿದ್ದು ಇಲ್ಲಿ. ಒಂದು ಕಡೆ "34 ಪಂದ್ಯ, ಒಂದೂ ಸೋಲಿಲ್ಲ" ಅಂತ ಇತ್ತು. ಇನ್ನೊಂದು ಕಡೆ "51 ಪಂದ್ಯ ಸೋಲಿಲ್ಲ". ಮತ್ತೊಂದು ಕಡೆ "53ರಲ್ಲಿ ಒಂದು ಸೋಲು". ಮೂರಲ್ಲಿ ಒಂದು ತಪ್ಪಿರಲೇಬೇಕು ಅಂತ ಹಟ ಹಿಡಿದು ಕೂತೆ. ಮೂರೂ ಸರಿ! ಒಂದೇ ಸೀಸನ್‌ನಲ್ಲಿ ತಂಡ ಮೂರು ಬೇರೆ ಬೇರೆ ಟೂರ್ನಿ ಆಡುತ್ತದೆ, ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಅದನ್ನು ನಾನು ಮರೆತಿದ್ದೆ.

ಬಿಡಿಸೋಣ. ಜರ್ಮನ್ ಲೀಗ್: 34 ಪಂದ್ಯ, 28 ಗೆಲುವು, 6 ಡ್ರಾ. ಗೆದ್ದರೆ 3 ಅಂಕ, ಡ್ರಾ ಆದರೆ 1. ಇಪ್ಪತ್ತೆಂಟು ಮೂರಲೆ 84, ಜೊತೆಗೆ 6, ಒಟ್ಟು 90. ಜರ್ಮನ್ ಕಪ್: 6 ಪಂದ್ಯ, ಆರೂ ಗೆಲುವು. ಯುರೋಪಾ ಲೀಗ್ (ಯುರೋಪಿನ ಹಲವು ದೇಶಗಳ ಕ್ಲಬ್‌ಗಳ ಟೂರ್ನಿ): 13 ಪಂದ್ಯ, 9 ಗೆಲುವು, 3 ಡ್ರಾ, 1 ಸೋಲು. ಈಗ ಕೂಡಿಸಿ: 34, 6, 13 ಸೇರಿ 53. ಗೆಲುವು 43, ಡ್ರಾ 9, ಸೋಲು 1. ಹೊಂದಿತು ಅಲ್ವಾ?

ಹಾಗಾದರೆ 51 ಎಲ್ಲಿಂದ ಬಂತು? 53ರಲ್ಲಿ ಒಂದು ಕಳೆದರೆ 52 ಆಗಬೇಕಲ್ಲ? ಇದಕ್ಕೆ ನನಗೆ ಪೂರಾ ಒಂದು ಸಂಜೆ ಹೋಯಿತು. ಸೋತದ್ದು ಕೊನೆಯ ಪಂದ್ಯದಲ್ಲಿ ಅಲ್ಲ, ಕೊನೆಯದರ ಹಿಂದಿನದರಲ್ಲಿ. 2024ರ ಮೇ 22, ಡಬ್ಲಿನ್, ಯುರೋಪಾ ಲೀಗ್ ಫೈನಲ್. ಅಟಲಾಂಟಾ ವಿರುದ್ಧ 0-3, ಮೂರೂ ಗೋಲು ಅಡೆಮೊಲಾ ಲುಕ್‌ಮನ್ ಅವರದು. ಅದು ಸೀಸನ್‌ನ 52ನೇ ಪಂದ್ಯ. ಅಂದರೆ ಅದಕ್ಕೂ ಮೊದಲು 51. ಮೂರು ದಿನ ಬಿಟ್ಟು ಜರ್ಮನ್ ಕಪ್ ಫೈನಲ್ ಗೆದ್ದರು, ಅದು 53ನೆಯದು. ಆದರೆ ಸರಪಳಿ ಆಗಲೇ ಕಡಿದಿತ್ತು, ಆ ಗೆಲುವು 51ಕ್ಕೆ ಸೇರುವುದಿಲ್ಲ.

ಹಿಂದಿನ ಸೀಸನ್‌ನ ಪಂದ್ಯಗಳನ್ನೂ 51ಕ್ಕೆ ಸೇರಿಸಬೇಕಾ? ಬೇಡ. 2023ರ ಮೇಯಲ್ಲಿ ಆ ಸೀಸನ್‌ನ ಕೊನೆಯ ಪಂದ್ಯವನ್ನು ಬೋಹುಮ್ ವಿರುದ್ಧ 0-3ರಿಂದ ಸೋತಿದ್ದರು. ಹಾಗಾಗಿ ಎಣಿಕೆ ಹೊಸ ಸೀಸನ್‌ನ ಮೊದಲ ಪಂದ್ಯದಿಂದಲೇ ಶುರು. ಎರಡೂ ತುದಿಯಲ್ಲಿ 0-3, ನಡುವೆ 51. ಹೀಗೆ ನೆನಪಿಟ್ಟುಕೊಂಡ ಮೇಲೆ ನಾನು ತಪ್ಪಿಲ್ಲ.

ಇನ್ನೊಂದು: "ಸೋಲಿಲ್ಲ" ಅಂದರೆ "ಎಲ್ಲ ಗೆದ್ದರು" ಅಲ್ಲ. ಸೋಲಿನ ಬಾಯಿಗೆ ಹೋಗಿ ಹೊರಬಂದ ಪಂದ್ಯಗಳೂ ಉಂಟು. ಮೇ 9ರಂದು ರೋಮಾ ವಿರುದ್ಧ 0-2 ಹಿಂದಿದ್ದರು, 97ನೇ ನಿಮಿಷದಲ್ಲಿ ಸ್ಟಾನಿಸಿಚ್ ಗೋಲು ಹೊಡೆದು 2-2 ಆಯಿತು. ಅದು 49ನೇ ಪಂದ್ಯ. ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ 1960ರ ದಶಕದಲ್ಲಿ ಮಾಡಿದ್ದ, ಸೋಲಿಲ್ಲದ 48 ಪಂದ್ಯಗಳ ಯುರೋಪಿನ ದಾಖಲೆ ಅಲ್ಲಿ ಮುರಿಯಿತು.

ತಂಡದ ಆಟದ ವಿನ್ಯಾಸ 3-4-2-1, ಅಂದರೆ ಗೋಲ್‌ಕೀಪರ್ ಬಿಟ್ಟು ಹಿಂದಿನಿಂದ ಮುಂದಕ್ಕೆ ಒಂದೊಂದು ಸಾಲಲ್ಲಿ ಅಷ್ಟಷ್ಟು ಜನ. ಹಿಂದೆ ಮೂವರು, ಎರಡೂ ಅಂಚಿನಲ್ಲಿ ಗ್ರಿಮಾಲ್ಡೊ ಮತ್ತು ಫ್ರಿಂಪಾಂಗ್. ಹೆಸರಿಗೆ ರಕ್ಷಣೆಯವರು, ಆದರೆ ಸುಮ್ನೆ ಹಿಂದೆ ನಿಲ್ಲುವವರಲ್ಲ, ಗೋಲು ಹೊಡೆಯೋಕೂ ಬರೋರು. ನಡುವೆ ಗ್ರಾನಿಟ್ ಝಾಕಾ, ಹೆಚ್ಚುಕಮ್ಮಿ ಅಲೊನ್ಸೊ ಆಡುತ್ತಿದ್ದ ಜಾಗದಲ್ಲೇ.

ಕೊನೆಗೆ ನನ್ನ ಮೆಚ್ಚಿನ ಅಡ್ಡದಾರಿ: 25. ಹುಟ್ಟಿದ್ದು ನವೆಂಬರ್ 25. 2005ರ ಮೇ 25, ಇಸ್ತಾನ್‌ಬುಲ್, ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್ 0-3 ಹಿಂದಿತ್ತು, ಆಮೇಲೆ 2-3 ಆಯಿತು. ಅಲೊನ್ಸೊ ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ದಿಡಾ ತಡೆದರು, ಚಿಮ್ಮಿ ಬಂದ ಚೆಂಡನ್ನು ಅಲೊನ್ಸೊ ಮತ್ತೆ ಒದ್ದು 3-3 ಮಾಡಿದರು. ಕಪ್ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಸರಿಯಾಗಿ 19 ವರ್ಷದ ಮೇಲೆ, 2024ರ ಮೇ 25, ಬರ್ಲಿನ್, ಜರ್ಮನ್ ಕಪ್ ಫೈನಲ್. ಕೈಜರ್ಸ್‌ಲೌಟರ್ನ್ ವಿರುದ್ಧ ಝಾಕಾ ಒಂದು ಗೋಲು ಹೊಡೆದರು. ಮಧ್ಯಂತರಕ್ಕೆ ಮೊದಲೇ ಲೆವರ್ಕುಸೆನ್‌ನ ಒಬ್ಬನಿಗೆ ರೆಡ್ ಕಾರ್ಡ್ ಬಿತ್ತು. ಉಳಿದ ಹತ್ತು ಜನ 1-0 ಅನ್ನು ಕೊನೆತನಕ ಕಾಯ್ದುಕೊಂಡರು.