ಎರಡು ಫೋನುಗಳ ನಡುವಿನ ಘಟ್ಟ

ನನ್ನ ತಂಗಿ ಮೈಸೂರಿನಲ್ಲಿ ಸಂಗೀತ ಪಾಠ ಹೇಳುತ್ತಾಳೆ. ಹನ್ನೊಂದು ವರ್ಷದಿಂದ ಅವಳ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಈ ಸಲ ಐಫೋನಿಗೆ ಹೋಗಲೇ ಎಂದು ನನ್ನನ್ನು ಕೇಳುವ ಹೊತ್ತಿಗೆ ಅವಳು ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿಟ್ಟಿದ್ದಳು. ಆ ಕಡೆ ಕ್ಯಾಮೆರಾ, ಈ ಕಡೆ ಬೆಲೆ. ಆ ಕಡೆ ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ, ಈ ಕಡೆ ರಿಪೇರಿಗೆ ಎಷ್ಟು ದೂರ ಹೋಗಬೇಕು. ಶ್ರದ್ಧೆಯಿಂದ ಮಾಡಿದ ಪಟ್ಟಿ. ಆದರೆ ನನ್ನ ಕಣ್ಣು ನಿಂತದ್ದು ಅವಳು ನಡುವೆ ಎಳೆದಿದ್ದ ಗೆರೆಯ ಮೇಲೆ. ಆ ಗೆರೆಗೆ ದಪ್ಪವಿದೆ, ಎತ್ತರವಿದೆ. ಫೋನು ಬದಲಿಸುವ ಪ್ರಶ್ನೆಯ ಮುಕ್ಕಾಲು ಪಾಲು ಅದರೊಳಗೇ ಕೂತಿದೆ. ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ ಎಂಬುದೇ ನನಗೆ ಬೇಸರ.

ಆ ಗೆರೆ ಅರ್ಥವಾಗಬೇಕಾದರೆ ಸ್ವಲ್ಪ ಹೊತ್ತು ಫೋನನ್ನು ಬದಿಗಿಟ್ಟು ಒಲೆಯ ಹತ್ತಿರ ಹೋಗಬೇಕು.

ಹಿತ್ತಲಿನಲ್ಲಿ ಪೇರಿಸಿಟ್ಟ ಸೌದೆಯ ಸುತ್ತ ಆಮ್ಲಜನಕ ತುಂಬಿದೆ. ಸೌದೆ ಉರಿದು ಬೂದಿಯೂ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಆದರೆ ಶಕ್ತಿಯ ಲೆಕ್ಕದಲ್ಲಿ ಅದು ಇನ್ನೂ ಕೆಳಗಿನ, ಇನ್ನೂ ನೆಮ್ಮದಿಯ ಸ್ಥಿತಿ. ಹಾಗಾದರೆ ಸೌದೆ ತನ್ನಷ್ಟಕ್ಕೆ ಯಾಕೆ ಹೊತ್ತಿಕೊಳ್ಳುವುದಿಲ್ಲ? ನಡುವೆ ಒಂದು ದಿಬ್ಬವಿದೆ. ಹಳೆಯ ಬಂಧಗಳು ಮುರಿಯದೆ ಹೊಸ ಬಂಧಗಳು ಕೂಡುವುದಿಲ್ಲ. ಮುರಿಯುವುದಕ್ಕೆ ಮೊದಲು ಶಕ್ತಿ ಕೊಡಬೇಕು. ಬೆಂಕಿಕಡ್ಡಿ ಕೊಡುವುದು ಅದನ್ನೇ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಆಕ್ಟಿವೇಶನ್ ಎನರ್ಜಿ ಎಂದು ಹೆಸರು. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಇದನ್ನು ಸಮೀಕರಣಕ್ಕೆ ಇಳಿಸಿದ. ಬೆರಳಿನ ಉಂಗುರದಲ್ಲಿರುವ ವಜ್ರವೂ ಇದೇ ಕಾರಣಕ್ಕೆ ವಜ್ರವಾಗಿ ಉಳಿದಿದೆ. ನಾವು ಬದುಕುವ ತಾಪ ಮತ್ತು ಒತ್ತಡದಲ್ಲಿ ಇಂಗಾಲಕ್ಕೆ ಹೆಚ್ಚು ನೆಮ್ಮದಿಯ ರೂಪ ಪೆನ್ಸಿಲ್ಲಿನ ಗ್ರಾಫೈಟ್. ವಜ್ರ ಗ್ರಾಫೈಟಾಗಿ ಇಳಿಯಬೇಕು ನಿಜ, ಆದರೆ ನಡುವಿನ ದಿಬ್ಬ ಎಷ್ಟು ಎತ್ತರವೆಂದರೆ ಕೋಟ್ಯಂತರ ವರ್ಷ ಕಾದರೂ ದಾಟಲಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ನನಗೆ ಇಡೀ ರಸಾಯನಶಾಸ್ತ್ರದಲ್ಲೇ ಅತ್ಯಂತ ಪ್ರಿಯವಾದದ್ದು. ದಿಬ್ಬದ ಎತ್ತರಕ್ಕೂ ಆಚೆಯ ತಗ್ಗು ಎಷ್ಟು ಆಳ ಎಂಬುದಕ್ಕೂ ಸಂಬಂಧವೇ ಇರಬೇಕಾಗಿಲ್ಲ. ಆಚೆಯ ಊರು ಸ್ವರ್ಗವಾಗಿದ್ದು ನಡುವಿನ ಘಟ್ಟ ದಾಟಲಾಗದಷ್ಟು ಕಡಿದಾಗಿರಬಹುದು; ಆಚೆ ಈಚೆ ಎರಡೂ ಒಂದೇ ಥರದ ಊರಾಗಿದ್ದು ನಡುವೆ ಬರೀ ಏರಿಯೊಂದು ಇರಬಹುದು. ಶಿವಮೊಗ್ಗದವರು ಉಡುಪಿಗೆ ಮನೆ ಬದಲಿಸುವಾಗ ಎರಡೂರಿನ ಬಾಡಿಗೆ, ನೀರು, ಸೆಕೆ ಹೋಲಿಸಿದರೆ ಸಾಲದು. ಲಾರಿ ಆಗುಂಬೆ ಇಳಿಯುತ್ತದೆಯೇ ಎಂದೂ ಕೇಳಬೇಕು. ತಂಗಿಯ ಹಾಳೆಯಲ್ಲಿ ಎರಡೂ ಊರಿನ ಸಕಲ ವಿವರವಿತ್ತು, ಆಗುಂಬೆ ಇರಲಿಲ್ಲ.

ಊರುಗಳ ಬಗ್ಗೆಯಾದರೂ ಜನ ಸರಿಯಾದದ್ದನ್ನೇ ನಂಬಿದ್ದಾರೆಯೇ ಎಂದರೆ ಅದೂ ಇಲ್ಲ. ‘ಐಫೋನಿಗೆ ವೈರಸ್ಸೇ ಬರುವುದಿಲ್ಲ’ ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಪೆಗಾಸಸ್ ಎಂಬ ಬೇಹು ತಂತ್ರಾಂಶ 2016ರಲ್ಲಿ ಮೊದಲು ಬಯಲಾದದ್ದೇ ಐಫೋನಿನಲ್ಲಿ, ಯುಎಇಯ ಮಾನವಹಕ್ಕು ಹೋರಾಟಗಾರ ಅಹ್ಮದ್ ಮನ್ಸೂರ್ ತಮಗೆ ಬಂದ ಲಿಂಕನ್ನು ಒತ್ತದೆ ಸಂಶೋಧಕರಿಗೆ ಕಳಿಸಿದ್ದರಿಂದ. ಇನ್ನೊಂದು ಮಾತು, ‘ಆಂಡ್ರಾಯ್ಡಿಗೆ ಎರಡು ವರ್ಷವಷ್ಟೇ ಆಯಸ್ಸು’ ಎಂಬುದು. ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಆದರೆ 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಮರುವರ್ಷ ಸ್ಯಾಮ್ಸಂಗ್ ತನ್ನ ಎಸ್24 ಸಾಲಿಗೆ 7 ವರ್ಷದ ಅಪ್‌ಡೇಟ್ ಭರವಸೆ ಕೊಟ್ಟವು. ದುಬಾರಿ ಮಾದರಿಗಳ ಮಟ್ಟಿಗೆ ಎರಡೂ ತಗ್ಗುಗಳ ಆಳ ಈಗ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ತೀರ್ಮಾನ ನಿಲ್ಲುವುದು ಘಟ್ಟದ ಮೇಲೆ.

ಈ ಘಟ್ಟ ಯಾವ ಕಲ್ಲಿನಿಂದ ಆಗಿದೆ? ಮುಖ್ಯವಾಗಿ, ಮಾಹಿತಿಯನ್ನು ಜೋಡಿಸಿಡುವ ಕ್ರಮದಿಂದ. ವಾಟ್ಸಾಪನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಅದೇ ಹಸಿರು ಗುರುತು, ಅದೇ ಕಂಪನಿ. ಒಳಗೆ ಎರಡೂ ಕಡೆ ಎಸ್‌ಕ್ಯೂಲೈಟ್ ಎಂಬ ಒಂದೇ ಜಾತಿಯ ದತ್ತಾಂಶ ಕಡತ. ಆದರೂ ಆಂಡ್ರಾಯ್ಡಿನ ಕಡತವನ್ನು ಐಫೋನಿಗೆ ಹಾಕಿದರೆ ಅದು ಓದುವುದಿಲ್ಲ, ಏಕೆಂದರೆ ಒಳಗಿನ ಪಟ್ಟಿಗಳನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿವೆ. ಇಬ್ಬರು ಅಜ್ಜಿಯರ ಸಾಂಬಾರ ಡಬ್ಬಿಗಳ ಹಾಗೆ. ಎರಡರಲ್ಲೂ ಸಾಸಿವೆ, ಜೀರಿಗೆ, ಮೆಂತ್ಯ. ಎರಡಕ್ಕೂ ಏಳು ಬಟ್ಟಲು. ಆದರೆ ಈ ಅಜ್ಜಿ ಆ ಅಡುಗೆಮನೆಯಲ್ಲಿ ಕತ್ತಲಲ್ಲಿ ಕೈಯಿಟ್ಟರೆ ಒಗ್ಗರಣೆಗೆ ಮೆಂತ್ಯ ಬೀಳುತ್ತದೆ. ಬ್ಯಾಕಪ್ಪೂ ಹಾಗೆಯೇ: ಒಂದರದ್ದು ಗೂಗಲ್ ಖಾತೆಗೆ, ಇನ್ನೊಂದರದ್ದು ಐಕ್ಲೌಡಿಗೆ. ಈ ಕಡೆಯಿಂದ ಆ ಕಡೆಗೆ ಮಾತುಕತೆಗಳನ್ನು ಒಯ್ಯುವ ಅಧಿಕೃತ ದಾರಿ ತೆರೆಯಲು 2021 ಮತ್ತು 2022 ಆಗಬೇಕಾಯಿತು. ಆಂಡ್ರಾಯ್ಡಿನಿಂದ ಐಫೋನಿಗೆ ಬರುವ ಆ ದಾರಿಯನ್ನು, ಹೊಸ ಫೋನನ್ನು ಮೊದಲ ಸಲ ಅಣಿಗೊಳಿಸುವಾಗಲೇ ಹಿಡಿಯಬೇಕಿತ್ತು. ನಾಲ್ಕು ದಿನ ಬಳಸಿ ಆಮೇಲೆ ನೆನಪಾದರೆ ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕಿತ್ತು.

ಕನ್ನಡಿಗರಿಗೆ ಈ ಕಲ್ಲಿನ ಪರಿಚಯ ಚೆನ್ನಾಗಿಯೇ ಇದೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ನೋಡಿ ಎದೆ ಧಸಕ್ಕೆಂದವರು ಎಷ್ಟು ಮಂದಿ! ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಚಿತ್ರಗಳನ್ನು ಹೊದಿಸಿದ್ದವು. ಹೊದಿಕೆ ಸರಿದರೆ ಕನ್ನಡವೂ ಹೋಯಿತು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಗೊತ್ತುಮಾಡುವ ಒಪ್ಪಂದವೇ ಯೂನಿಕೋಡ್. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲೂ 3221, ಬೋಸ್ಟನ್ನಿನಲ್ಲೂ 3221, ಆಂಡ್ರಾಯ್ಡಿನಲ್ಲೂ ಐಫೋನಿನಲ್ಲೂ 3221. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು, ಐಫೋನಿಗೆ ಕನ್ನಡದ ಕೀಲಿಮಣೆ ಸಿಕ್ಕಿದ್ದು 2017ರಲ್ಲಿ. ಆದರೂ ಅಕ್ಷರದ ಸಂಖ್ಯೆ ಒಂದೇ ಆಗಿದ್ದುದರಿಂದ ಅಂದು ಚೌಕವಾಗಿ ಕಂಡ ಸಂದೇಶ ಇಂದು ತೆರೆದರೆ ಕನ್ನಡವಾಗಿಯೇ ಕಾಣುತ್ತದೆ. ಕೋಟೆಯ ಬಾಗಿಲು ಮುರಿಯುವ ಬಲ ಇಂಥ ಒಪ್ಪಂದಗಳಿಗಿದೆ; ಯಾವ ಕ್ಯಾಮೆರಾ ಸುಧಾರಣೆಗಿಂತಲೂ ಇದು ದೊಡ್ಡದೆಂದು ನಾನು ತಿಳಿದಿದ್ದೇನೆ.

ಒಪ್ಪಂದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರೈಲು ಹಳಿಗಳೇ ಸಾಕ್ಷಿ. ಮದ್ರಾಸಿನಿಂದ ಬೆಂಗಳೂರಿಗೆ 1864ರಲ್ಲಿ ಬಂದದ್ದು ಬ್ರಾಡ್‌ಗೇಜ್, ಹಳಿಗಳ ನಡುವೆ 1676 ಮಿಲಿಮೀಟರ್. ಮುಂದೆ ಮೈಸೂರಿನ ಕಡೆ ಹೊರಟದ್ದು 1000 ಮಿಲಿಮೀಟರಿನ ಮೀಟರ್‌ಗೇಜ್. ಮದ್ರಾಸಿನಿಂದ ಬಂದ ಮೂಟೆಗಳನ್ನು ಬೆಂಗಳೂರಿನಲ್ಲಿ ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕಿತ್ತು, ನೂರಕ್ಕೂ ಹೆಚ್ಚು ವರ್ಷ. ಎರಡೂ ರೈಲು ಚೆನ್ನಾಗಿಯೇ ಓಡುತ್ತಿದ್ದವು. ನಷ್ಟವೆಲ್ಲ ಆ 676 ಮಿಲಿಮೀಟರಿನದು. ಹಳಿ ಬದಲಿಸುವುದೂ ಸುಲಭದ ಮಾತಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ದಾರಿಯನ್ನು ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ತರಲು 1990ರ ದಶಕದ ಮಧ್ಯದಲ್ಲಿ ರೈಲು ನಿಲ್ಲಿಸಿದರು. ಪ್ರಯಾಣಿಕರು ಅಲ್ಲಿ ಮತ್ತೆ ರೈಲು ಹತ್ತಿದ್ದು 2007ರ ಕೊನೆಗೆ.

ಘಟ್ಟ ಎಲ್ಲ ದೇಶದಲ್ಲೂ ಒಂದೇ ಎತ್ತರವಲ್ಲ ಎಂಬುದು ತಂಗಿಗೆ ನಾನು ಹೇಳಿದ ಮುಖ್ಯ ಮಾತು. ಅಮೆರಿಕದಲ್ಲಿ ಓದುವ ಅವಳ ಮಗ ‘ಐಫೋನ್ ಇಲ್ಲದಿದ್ದರೆ ಗೆಳೆಯರ ಗುಂಪಿನಲ್ಲಿ ಬದುಕುವುದೇ ಕಷ್ಟ’ ಎನ್ನುತ್ತಾನೆ. ಅಲ್ಲಿನ ಮಟ್ಟಿಗೆ ಅವನು ಹೇಳುವುದು ನಿಜ. ಆಪಲ್ಲಿನ ಐಮೆಸೇಜಿನಲ್ಲಿ ಐಫೋನಿನ ಸಂದೇಶಗಳು ನೀಲಿ, ಹೊರಗಿನವರೊಡನೆ ನಡೆಸುವ ಮಾತು ಹಸಿರು. ಅಲ್ಲಿನ ಹುಡುಗರಿಗೆ ಆ ಬಣ್ಣವೇ ಒಂದು ಜಾತಿಯಾಗಿದೆ. ಎಪಿಕ್ ಗೇಮ್ಸ್ ಆಪಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 2021ರಲ್ಲಿ, ಆಪಲ್ಲಿನ ಹಿರಿಯರ ಹಳೆಯ ಇಮೇಲುಗಳು ಹೊರಬಂದವು. ಐಮೆಸೇಜನ್ನು ಆಂಡ್ರಾಯ್ಡಿಗೂ ಕೊಟ್ಟರೆ ಐಫೋನ್ ಬಳಸುವ ತಂದೆತಾಯಿ ಮಕ್ಕಳಿಗೆ ಆಂಡ್ರಾಯ್ಡ್ ಕೊಡಿಸಲು ಇರುವ ಅಡ್ಡಿ ತಪ್ಪಿಹೋಗುತ್ತದೆ ಎಂಬ ಅರ್ಥದ ಮಾತು ಅವುಗಳಲ್ಲಿತ್ತು. ಅಂದರೆ ಈ ಘಟ್ಟ ಪ್ರಕೃತಿ ಕೊಟ್ಟದ್ದಲ್ಲ, ಕಲ್ಲು ಹೊತ್ತು ಕಟ್ಟಿದ್ದು. ಆದರೆ ಭಾರತದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಫೋನುಗಳು ಆಂಡ್ರಾಯ್ಡ್, ಮಾತೆಲ್ಲ ವಾಟ್ಸಾಪಿನಲ್ಲಿ, ಹಣವೆಲ್ಲ ಯುಪಿಐಯಲ್ಲಿ. ವಾಟ್ಸಾಪೂ ಯುಪಿಐಯೂ ಎರಡೂ ಕಡೆ ಓಡುತ್ತವೆ. ಮಗನ ಊರಿನ ಘಟ್ಟವನ್ನು ಅಮ್ಮ ಮೈಸೂರಿನಲ್ಲಿ ಹತ್ತಬೇಕಾಗಿಲ್ಲ.

ಘಟ್ಟವನ್ನು ತಗ್ಗಿಸಬಹುದೇ? ಮತ್ತೆ ರಸಾಯನಶಾಸ್ತ್ರಕ್ಕೆ ಬನ್ನಿ. ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿಯಲ್ಲಿ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಅದೇ ಗಾಯದ ಮೇಲೆ ಒಂದು ಹನಿ ಬಿದ್ದರೆ ಬುರುಬುರು ನೊರೆ. ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದ ಕೆಲಸ ಅದು. ಕಿಣ್ವ ಈಚೆಯ ತಗ್ಗನ್ನೂ ಮುಟ್ಟುವುದಿಲ್ಲ, ಆಚೆಯ ತಗ್ಗನ್ನೂ ಮುಟ್ಟುವುದಿಲ್ಲ. ಒಂದು ದೊಡ್ಡ ಏರಿನ ಬದಲು ಎರಡೋ ಮೂರೋ ಸಣ್ಣ ಏರುಗಳಿರುವ ಬೇರೆ ದಾರಿ ತೋರಿಸುತ್ತದೆ, ಅಷ್ಟೇ. ಘಟ್ಟದಲ್ಲಿ ಸುರಂಗ ಕೊರೆದ ಹಾಗೆ; ಇಪ್ಪತ್ತು ಅಡಿ ಗೋಡೆಗೆ ಮೆಟ್ಟಿಲು ಕಟ್ಟಿದ ಹಾಗೆ.

ಇಂಥ ಕಿಣ್ವವನ್ನು ಒಂದು ದೇಶ ಕಾನೂನಿನಿಂದಲೂ ತಯಾರಿಸಬಹುದು. ಮೊಬೈಲ್ ಕಂಪನಿ ಬದಲಿಸಿದರೆ ನಂಬರೇ ಹೋಗುತ್ತಿದ್ದ ಕಾಲ ನೆನಪಿದೆಯೇ? ಸಿಗ್ನಲ್ ಸಿಗದಿದ್ದರೂ ಜನ ಹಳೆಯ ಸಿಮ್ಮಿಗೇ ಅಂಟಿಕೊಂಡಿದ್ದರು. ನಂಬರ್ ಪೋರ್ಟಬಿಲಿಟಿ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. 1900ಕ್ಕೆ ಒಂದು ಎಸ್ಸೆಮ್ಮೆಸ್, 19 ರೂಪಾಯಿ, ಮುಗಿಯಿತು. ಯಾವ ಕಂಪನಿಯ ಗೋಪುರವೂ ಆ ದಿನ ಎತ್ತರವಾಗಲಿಲ್ಲ. ನಡುವಿನ ಗೋಡೆ ಮಾತ್ರ ತಗ್ಗಿತು. ಫೋನುಗಳ ವಿಷಯದಲ್ಲೂ ಇಂಥದ್ದೊಂದು ಬರಲೇಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ನನ್ನ ಫೋಟೋ, ನನ್ನ ಟಿಪ್ಪಣಿ, ನನ್ನ ಪಾಸ್‌ವರ್ಡ್ ನನ್ನವು. ಅವು ಯಾವ ಪೆಟ್ಟಿಗೆಯಲ್ಲಿರಬೇಕೆಂಬ ಹಕ್ಕೂ ನನ್ನದು.

ಎತ್ತರ ಅಳೆಯುವಾಗ ಮನಸ್ಸು ಮೋಸ ಮಾಡುವುದೂ ಉಂಟು. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಎಂದು ಕೇಳಿದರು. ಅವರು ಕೇಳಿದ್ದು ಸುಮಾರು 7 ಡಾಲರ್. ಮಗ್ ಸಿಗದವರು ಕೊಡಲು ಸಿದ್ಧರಿದ್ದದ್ದು ಸುಮಾರು 3 ಡಾಲರ್. ಕೈಯಲ್ಲಿರುವುದನ್ನು ಬಿಡುವ ನೋವು ಎರಡು ಪಟ್ಟಿಗೂ ಮೀರಿ ತೂಗುತ್ತದೆ. ಇದಕ್ಕೆ ಮದ್ದು, ವಿಜ್ಞಾನಿಗಳು ಪ್ರಯೋಗದಲ್ಲಿ ಇಟ್ಟುಕೊಳ್ಳುವ ಕಂಟ್ರೋಲ್ ಇದ್ದ ಹಾಗೆ, ಹೋಲಿಕೆಗೆ ಸರಿಯಾದ ಜೋಡಿ ಹುಡುಕುವುದು. ಹೊಸ ಐಫೋನನ್ನು ಹಳೆಯ ಆಂಡ್ರಾಯ್ಡಿನ ಜೊತೆ ಹೋಲಿಸಬಾರದು, ಹೊಸ ಆಂಡ್ರಾಯ್ಡಿನ ಜೊತೆ ಹೋಲಿಸಬೇಕು. ಯುಪಿಐ ಆ್ಯಪ್‌ಗಳಲ್ಲಿ ಸಿಮ್ಮನ್ನು ಮತ್ತೆ ದೃಢಪಡಿಸುವುದು, ಬ್ಯಾಂಕಿನ ಆ್ಯಪಿಗೆ ಮತ್ತೆ ಲಾಗಿನ್ ಆಗುವುದು, ಹೊಸ ಕವರ್ ಕೊಳ್ಳುವುದು ಯಾವ ಹೊಸ ಫೋನಾದರೂ ತಪ್ಪಿದ್ದಲ್ಲ. ಅವನ್ನೆಲ್ಲ ಕಳೆದು ಉಳಿದದ್ದೇ ನಿಜವಾದ ಘಟ್ಟ. ಆಪಲ್ ವಾಚ್ ಕಟ್ಟಿಕೊಂಡವರಿಗೆ ಅದು ದೊಡ್ಡದು, ಏಕೆಂದರೆ ಆ ಗಡಿಯಾರ ಆಂಡ್ರಾಯ್ಡಿನ ಜೊತೆ ಸೇರುವುದೇ ಇಲ್ಲ. ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳೂ ಆಚೆ ಬರುವುದಿಲ್ಲ.

ತಂಗಿ ಹೊಸ ಹಾಳೆ ತೆಗೆದುಕೊಂಡು ಕಳೆಯುತ್ತ ಹೋದಳು. ವಾಚ್ ಇಲ್ಲ. ಕೊಂಡ ಆ್ಯಪ್ ಒಂದೇ, ತಂಬೂರಿ ಶ್ರುತಿಯದು. ಫೋಟೋಗಳು ಆಗಲೇ ಎರಡೂ ಕಡೆ ತೆರೆಯುವ ಖಾತೆಯಲ್ಲಿವೆ. ಕೊನೆಗೆ ಉಳಿದದ್ದು ಫೋನಿನ ಜೊತೆ ಬಂದ ಟಿಪ್ಪಣಿ ಆ್ಯಪಿನಲ್ಲಿ ಅವಳು ಬರೆದಿಟ್ಟ ಸ್ವರಪ್ರಸ್ತಾರಗಳು, ಕೃತಿ ಮತ್ತು ದೇವರನಾಮ ಸೇರಿ 300ಕ್ಕೂ ಹೆಚ್ಚು. ಎಲ್ಲವನ್ನೂ ಒಟ್ಟಿಗೆ ಹೊರತೆಗೆಯುವ ದಾರಿ ಅವಳಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅವಳ ಇಡೀ ಘಟ್ಟ ಅದೊಂದೇ ಆಗಿತ್ತು.

ಈಗ ದಿನಕ್ಕೆ ಹತ್ತರಂತೆ, ಬೆಳಗಿನ ಪಾಠ ಮುಗಿದ ಮೇಲೆ, ಅವನ್ನು ಯಾವ ಫೋನಿನಲ್ಲೂ ತೆರೆಯುವ ಸರಳ ಪಠ್ಯ ಕಡತಗಳಿಗೆ ಸಾಗಿಸುತ್ತಿದ್ದಾಳೆ. ನಿನ್ನೆ ಫೋನು ಮಾಡಿದಾಗ ಕಲ್ಯಾಣಿ ರಾಗದ್ದೆಲ್ಲ ಮುಗಿದು ತೋಡಿಗೆ ಬಂದಿದ್ದಳು. ಯಾವ ಫೋನು ಕೊಳ್ಳುತ್ತೀ ಎಂದು ಕೇಳಿದೆ. ಇದು ಮುಗಿದ ಮೇಲೆ ಯಾವುದಾದರೂ ಆದೀತು ಎಂದಳು.