ಹಲ್ಲು ವಯಸ್ಸು ಹೇಳುತ್ತದೆ, ಕಡಲಸಿಂಹದ ಕಿವಿ ಏನು ಹೇಳುತ್ತದೆ?

ಚುಂಚನಕಟ್ಟೆ ದನದ ಜಾತ್ರೆಗೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಹಳ್ಳಿಕಾರ್ ಹೋರಿಯ ಮುಂದೆ ಒಬ್ಬ ಯಜಮಾನರು ನಿಲ್ಲುತ್ತಾರೆ. ಒಂದು ಕೈಯಲ್ಲಿ ಮೂಗುದಾರ, ಇನ್ನೊಂದು ಕೈಯಲ್ಲಿ ಕೆಳತುಟಿ ಸರಿಸಿ ಒಂದು ನೋಟ. 'ನಾಲ್ಕಲ್ಲು ಕಣಪ್ಪ.' ಅಷ್ಟೇ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡಿದ್ದು. ಮಾರುವವನು ಏನೇ ಹೊಗಳಲಿ, ವ್ಯಾಪಾರ ಕುದುರುವುದು ಬಾಯಿ ನೋಡಿದ ಮೇಲೆಯೇ. ಕಿವಿ ನೋಡಿ ಹೋರಿಯ ವಯಸ್ಸು ಹೇಳಿದವರನ್ನು ನಾನಂತೂ ಕಂಡಿಲ್ಲ.

ಕಡಲಸಿಂಹದ (ಸೀ ಲಯನ್) ಬುರುಡೆಯೊಂದು ಸಿಕ್ಕರೆ ಅದರ ವಯಸ್ಸೆಷ್ಟು, ಅದು ಗಂಡೋ ಹೆಣ್ಣೋ ಅಂತ ಕಿವಿಯ ಎಲುಬು ನೋಡಿ ಹೇಳಬಹುದೇ? ಇಲ್ಲೂ ವಿಜ್ಞಾನಿಗಳು ಮೊದಲು ಹಿಡಿದದ್ದು ಹಲ್ಲನ್ನೇ. ಕಿವಿಯ ಕಡೆ ತಿರುಗಿದ್ದು ಆಮೇಲೆ.

ನಮ್ಮ ಕಾರವಾರ, ಮಂಗಳೂರಿನ ಕಡಲಲ್ಲಿ ಈ ಪ್ರಾಣಿ ಇಲ್ಲ. ಸುಮ್ನೆ ಒಂದು ಅಂದಾಜಿಗೆ ಬೇಕೆಂದರೆ ರಂಗನತಿಟ್ಟಿನ ನೀರುನಾಯಿಯನ್ನು ನೆನೆಸಿಕೊಳ್ಳಿ. ನೆಲದ ಮೇಲಿದ್ದ ಮಾಂಸಾಹಾರಿ ಪ್ರಾಣಿಯೊಂದರ ವಂಶ ನೀರಿಗಿಳಿದ ಕಥೆಯೇ ಇಬ್ಬರದ್ದೂ. ಕಡಲಸಿಂಹಕ್ಕೂ ತಲೆಯ ಪಕ್ಕ ಹಾಗೇ ಪುಟ್ಟ ಕಿವಿ ಉಂಟು. ಅದರ ಸೋದರಸಂಬಂಧಿ ಸೀಲ್‌ಗೆ ಹೊರಗಿವಿ ಇಲ್ಲ, ಬರೀ ತೂತು.

ಉತ್ತರದ ದೊಡ್ಡ ಕಡಲಸಿಂಹವನ್ನು ಮೊದಲು ವಿವರವಾಗಿ ಬರೆದವನು ಜರ್ಮನಿಯ ನಿಸರ್ಗ ವಿಜ್ಞಾನಿ ಜಾರ್ಜ್ ಸ್ಟೆಲ್ಲರ್. 1741ರಲ್ಲಿ ಅವನಿದ್ದ ಹಡಗು ರಷ್ಯಾದ ಪೂರ್ವ ತುದಿಯಾಚೆಯ ಬೇರಿಂಗ್ ದ್ವೀಪಕ್ಕೆ ಬಡಿದು ಒಡೆಯಿತು. ಚಳಿಗಾಲವನ್ನು ಅಲ್ಲೇ ಕಳೆದವನು ಕಂಡ ಪ್ರಾಣಿಗಳ ಬಗ್ಗೆ ಬರೆದುಕೊಂಡ. ಆ ಬರಹ ಅಚ್ಚಾದದ್ದು 1751ರಲ್ಲಿ, ಅವನು ತೀರಿಕೊಂಡ ಮೇಲೆ. ಗಂಡು ಯಾವುದು ಹೆಣ್ಣು ಯಾವುದು ಅಂತ ಕೇಳಲು ಅಲ್ಲಿ ಎಲುಬಿನ ಗೊಡವೆಯೇ ಬೇಡ. ಗಂಡು ಐನೂರು ಕೆಜಿ ದಾಟುತ್ತದೆ, ಹೆಣ್ಣು ಅದರ ಅರ್ಧ. ಕ್ಯಾಲಿಫೋರ್ನಿಯಾದ ಜಾತಿಯಲ್ಲಂತೂ ಗಂಡು ಮೂರು ಪಟ್ಟು ಭಾರ.

ವಯಸ್ಸಿನ ಲೆಕ್ಕ ಸಿಕ್ಕಿದ್ದು 1950ರಲ್ಲಿ. ವಿಕ್ಟರ್ ಶೆಫರ್ ಎಂಬ ಅಮೆರಿಕದ ವಿಜ್ಞಾನಿ ತುಪ್ಪಳದ ಸೀಲ್‌ಗಳ ಕೋರೆಹಲ್ಲಿನ ಬೇರನ್ನು ಗಮನಿಸಿದರು. ಅದರ ಮೇಲೆ ವರ್ಷಕ್ಕೊಂದರಂತೆ ಏಣು ಎದ್ದಿತ್ತು. ಹೆಸರು ಸೀಲ್ ಆದರೂ ತುಪ್ಪಳದ ಸೀಲ್ ಕಡಲಸಿಂಹದ ಕುಟುಂಬದ್ದೇ. 1952ರಲ್ಲಿ ರಿಚರ್ಡ್ ಲಾಸ್ ಆನೆ ಸೀಲ್‌ನ ಹಲ್ಲನ್ನು ಕೊಯ್ದು ಒಳಗಿನ ಪದರ ಎಣಿಸಿದರು. ಮರದ ಕಾಂಡದ ಉಂಗುರ ಎಣಿಸಿದ ಹಾಗೆ.

ಆದರೆ ಮಣ್ಣಲ್ಲಿ ಹೂತ ತಲೆಬುರುಡೆಯ ಹಲ್ಲು ಕಳಚಿ ಎಲ್ಲೋ ಹೋಗಿರಬಹುದು. ಕಿವಿಯ ಎಲುಬು ಜಾಸ್ತಿ ಗಟ್ಟಿ, ಹಾಗಾಗಿ ಬಹಳ ಸಲ ಉಳಿಯುವುದು ಅದೇ. ಅದನ್ನು ಓದಲು ಬಂದರೆ ಚೆನ್ನ, ಅಲ್ವಾ?

ಓದಲು ಹೊರಟರೆ ಮೊದಲ ತೊಡಕು ಕಿವಿಯ ಒಳಗೇ ಇದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಪುಟಾಣಿ ಎಲುಬು. ಮನುಷ್ಯರಲ್ಲಿ ರಿಕಾಪು ಬರೀ ಮೂರು ಮಿಲಿಮೀಟರ್ ಎತ್ತರ. ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯವರು ಹಸುಗೂಸುಗಳ ಕಿವಿ ಪರೀಕ್ಷೆ ಮಾಡುತ್ತಾರಲ್ಲ, ಆ ಕೂಸಿನ ಕಿವಿಯಲ್ಲಿ ಈ ಮೂರೂ ಆಗಲೇ ದೊಡ್ಡವರ ಅಳತೆಗೆ ಬಂದಿರುತ್ತವೆ. ಕೈ ಕಾಲು ಬೆಳೆಯಲು ಹದಿನೆಂಟು ವರ್ಷ, ಇವಕ್ಕೆ ಒಂಬತ್ತು ತಿಂಗಳು! ಎಲುಬಾಗಿ ಬಲಿತ ಮೇಲೆ ಒಳಗಿವಿಯ ಗೂಡೂ ಅಷ್ಟಾಗಿ ಬದಲಾಗುವುದಿಲ್ಲ. ಆಮೇಲೆ ಬೆಳೆಯದ ಎಲುಬಿನಲ್ಲಿ ವಯಸ್ಸನ್ನು ಓದುವುದು ಹೇಗೆ?

ಇಂಥ ಆತುರ ಯಾಕೆ ಅಂತ ತಿಳಿಯಲು ಹಿಂದೂ ಮಹಾಸಾಗರದ ದಕ್ಷಿಣದ ಆಮ್‌ಸ್ಟರ್‌ಡ್ಯಾಮ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ತುಪ್ಪಳದ ಸೀಲ್‌ಗಳ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ತಾಯಿಯ ಕೂಗನ್ನು ಗುರುತಿಸಲು ಮರಿಗೆ ಎರಡರಿಂದ ಐದು ದಿನ ಬೇಕು. ಮರಿ ಅದನ್ನು ಕಲಿಯುವ ತನಕ ತಾಯಿ ಮೇವಿಗೆ ಕಡಲಿಗಿಳಿಯುವುದಿಲ್ಲ. ವಾಪಸ್ ಬಂದಾಗ ಸಾವಿರಾರು ಪ್ರಾಣಿಗಳ ಗದ್ದಲದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೂಗಿನಿಂದಲೇ ಹುಡುಕಬೇಕು. ಕಿವಿ ನಿಧಾನಕ್ಕೆ ಬೆಳೆದರೆ ಮರಿ ಹಸಿದೇ ಸಾಯುತ್ತದೆ.

1972ರಲ್ಲಿ ಚಾರ್ಲ್ಸ್ ರೆಪೆನಿಂಗ್ ಈ ಪ್ರಾಣಿಗಳ ಕಿವಿಗಳನ್ನು ಹೋಲಿಸಿ ಬರೆದರು. ಹೊರಗಿವಿ ಇಲ್ಲದ ನಿಜವಾದ ಸೀಲ್‌ಗಳಲ್ಲಿ ಮೂರೂ ಎಲುಬು ದಪ್ಪ, ಭಾರ. ಕಡಲಸಿಂಹದಲ್ಲಿ ಅವು ಸಣ್ಣವು, ನೆಲದ ಪ್ರಾಣಿಗಳದ್ದರ ಹಾಗೇ. ಅಂದರೆ ಈ ಎಲುಬುಗಳು ಕುಲ ಯಾವುದು ಅಂತ ಚೆನ್ನಾಗಿ ಹೇಳುತ್ತವೆ. ವಯಸ್ಸು, ಲಿಂಗದ ಮಾತು ಬಂದರೆ ಜಿಪುಣತನ ತೋರಿಸುತ್ತವೆ.

ಆ ಗುಟ್ಟು ಸಿಗುವುದು ಸುತ್ತಲಿನ ಎಲುಬಿನಲ್ಲಿ. ನಿಮ್ಮ ಕಿವಿಯ ಹಿಂದೆ ಬೆರಳಿಟ್ಟು ನೋಡಿ, ಒಂದು ಉಬ್ಬು ಸಿಗುತ್ತದೆ. ಹುಟ್ಟಿದಾಗ ಅದು ಇರಲಿಲ್ಲ. ಕತ್ತಿನ ಸ್ನಾಯು ಎಳೆದಂತೆ ಬೆಳೆಯಿತು. ಗಂಡಸರಲ್ಲಿ ಸಾಮಾನ್ಯವಾಗಿ ದೊಡ್ಡದು, ಅದಕ್ಕೇ ಪೊಲೀಸ್ ಕೇಸುಗಳಲ್ಲಿ ಬುರುಡೆ ಪರೀಕ್ಷಿಸುವವರೂ ಇದನ್ನು ನೋಡುತ್ತಾರೆ. ಕಡಲಸಿಂಹದಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ದಂಡೆಯಲ್ಲಿ ತನ್ನ ಜಾಗಕ್ಕಾಗಿ ಗಂಡುಗಳು ಕತ್ತಿಗೆ ಕತ್ತು ಕೊಟ್ಟು ತಳ್ಳಾಡುತ್ತವೆ, ಕಚ್ಚುತ್ತವೆ. ಬಲಿತ ಗಂಡಿನ ಬುರುಡೆಯಲ್ಲಿ ಈ ಉಬ್ಬು ದಪ್ಪಗೆ, ಒರಟಾಗಿ ಚಾಚಿಕೊಂಡಿರುತ್ತದೆ. ಹೆಣ್ಣಿನದು ಸಾಧಾರಣ. ಮರಿಯಲ್ಲಿ ಎಲುಬುಗಳ ನಡುವಿನ ಬೆಸುಗೆಯೇ ಇನ್ನೂ ಕೂಡಿರುವುದಿಲ್ಲ. ಎಳೆ ಗಂಡು ಸಿಕ್ಕರೆ ಮಾತ್ರ ಕಷ್ಟ, ಅದು ಹೆಣ್ಣಿನ ಹಾಗೇ ಕಾಣುತ್ತದೆ.

ಈಚೆಗೆ ಕಥೆಗೆ ಇನ್ನೊಂದು ತಿರುವು ಸಿಕ್ಕಿದೆ. ಹಳೇ ಕಾಲದ ಮನುಷ್ಯರ ಎಲುಬುಗಳಲ್ಲಿ ಡಿಎನ್‌ಎ ಅತಿ ಚೆನ್ನಾಗಿ ಉಳಿಯುವುದು ಒಳಗಿವಿ ಸುತ್ತಲಿನ ಗಟ್ಟಿ ಎಲುಬಿನಲ್ಲಿ ಅಂತ 2014–15ರ ಸಂಶೋಧನೆಗಳು ತೋರಿಸಿದವು. ಪ್ರಾಣಿಗಳ ಎಲುಬಿಗೂ ಈ ದಾರಿ ತೆರೆದಿದೆ. ಆಕಾರ ನೋಡಿದರೆ ಬಾಯಿ ಬಿಡದ ಎಲುಬನ್ನು ಚಿಟಿಕೆಯಷ್ಟು ಪುಡಿ ಮಾಡಿದರೆ ಗಂಡೋ ಹೆಣ್ಣೋ ತಿಳಿಯಬಹುದು. ವಯಸ್ಸಿಗೆ ಮಾತ್ರ ಈಗಲೂ ಮೊದಲು ಹುಡುಕುವುದು ಹಲ್ಲನ್ನೇ.