ಎರಡನೇ ಪ್ರೊಸೆಸರ್ ಹಾಕಿಸಬೇಕಾ?

ತುಮಕೂರಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಒಂದು ಆಸೆ ಇದ್ದೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸರ್ವರ್‌ನಿಂದ ಕಳಚಿದ ಎರಡು ಹಳೆ ಜಿಯಾನ್ (ಇಂಟೆಲ್‌ನ ಸರ್ವರ್ ಪ್ರೊಸೆಸರ್) ತಂದು ಒಂದೇ ಬೋರ್ಡಿಗೆ ಕೂರಿಸಿದರೆ ರೆಂಡರ್ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಆಗಿ ಹೊರತೆಗೆಯುವ ಕೆಲಸ) ಅರ್ಧ ಹೊತ್ತಿನಲ್ಲಿ ಮುಗಿಯಬಹುದಲ್ವಾ? ಆಸೆ ಹೊಸದಲ್ಲ, 90ರ ದಶಕದ್ದು.

1994ರಲ್ಲಿ ಇಂಟೆಲ್ ಒಂದೇ ಬೋರ್ಡಿನಲ್ಲಿ ಹಲವು ಪ್ರೊಸೆಸರ್ ನಡೆಸಲು ನಿಯಮಾವಳಿ ತಂದಿತು. ಮರುವರ್ಷ ಬಂದ ಪೆಂಟಿಯಮ್ ಪ್ರೊ ನಾಲ್ಕರವರೆಗೂ ಜೊತೆಯಾಗಿ ದುಡಿಯುತ್ತಿತ್ತು. ಬೆಲೆ ಮಾತ್ರ ಮನೆಯವರ ಕೈಗೆಟುಕುವಂಥದ್ದಲ್ಲ. ಇಂಟೆಲ್‌ನದೇ ಅಗ್ಗದ ಪ್ರೊಸೆಸರ್ ಸೆಲೆರಾನ್‌ಗೆ ಜೋಡಿ ಕೆಲಸದ ಅನುಮತಿ ಇರಲಿಲ್ಲ. ಹಟಮಾರಿಗಳು ಬಿಟ್ಟಾರೆಯೇ? ಸೆಲೆರಾನ್ ಕಾರ್ಡಿಗೆ ಡ್ರಿಲ್ ಹಿಡಿದು, ವೈರ್ ಬೆಸೆದು ಕೆಲಸ ಸಾಧಿಸಿದರು. 1999ರಲ್ಲಿ ಎರಡು ಸೆಲೆರಾನ್ ಕೂರಿಸಬಹುದಾದ ಅಬಿಟ್ ಬಿಪಿ6 ಬೋರ್ಡ್ ಬಂದ ಮೇಲೆ ಆ ತೂತಿನ ಗೋಜೂ ಉಳಿಯಲಿಲ್ಲ.

ಆದರೆ ವಿಂಡೋಸ್ 98ಕ್ಕೆ ಎರಡನೇ ಪ್ರೊಸೆಸರ್ ಕಾಣಿಸುತ್ತಲೇ ಇರಲಿಲ್ಲ. ವಿಂಡೋಸ್ ಎನ್‌ಟಿ ಅಥವಾ ವಿಂಡೋಸ್ 2000 ಬೇಕಿತ್ತು. ಒಂದೇ ಪ್ರೊಸೆಸರ್ ಇದ್ದಾಗ ಇನ್‌ಸ್ಟಾಲ್ ಮಾಡಿದ ವಿಂಡೋಸ್ 2000ದಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಕಂಪ್ಯೂಟರ್ ಬಗೆಯನ್ನು ಮಲ್ಟಿಪ್ರೊಸೆಸರ್ ಎಂದು ಬದಲಿಸಬೇಕಿತ್ತು. ಇಲ್ಲದಿದ್ದರೆ ದುಡ್ಡು ಕೊಟ್ಟು ತಂದದ್ದು ಸುಮ್ನೆ ಕೂತಿರುತ್ತಿತ್ತು. 1996ರ ಲಿನಕ್ಸ್ 2.0 ಎರಡನ್ನೂ ಬಳಸುತ್ತಿತ್ತಾದರೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೆ ಒಂದು ಸಲಕ್ಕೆ ಒಂದಕ್ಕೇ ಪ್ರವೇಶ. ಅಡುಗೆಯವರು ಎಷ್ಟಿದ್ದರೇನು, ಉಗ್ರಾಣದ ಬೀಗದ ಕೈ ಒಂದೇ ಇದ್ದರೆ? ಆ ದೊಡ್ಡ ಬೀಗ ಪೂರ್ತಿ ಹೋಗಿದ್ದು 2011ರಲ್ಲಿ.

ಅಷ್ಟರಲ್ಲಿ ಆಟವೇ ಬದಲಾಗಿತ್ತು. ವೇಗ ಏರಿಸಿದಷ್ಟೂ ಪೆಂಟಿಯಮ್ 4 ಕಾದ ಹೆಂಚಾಗುತ್ತಿತ್ತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಯೋಜನೆ ಕೈಬಿಟ್ಟಿತು. 2005ರಲ್ಲಿ ಪೆಂಟಿಯಮ್ ಡಿ, ಎಎಮ್‌ಡಿಯ ಅಥ್ಲಾನ್ 64 ಎಕ್ಸ್2 ಬಂದವು. ಇವುಗಳಲ್ಲಿ ಒಂದೊಂದರಲ್ಲೂ ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ಘಟಕ. ಎರಡನೇ ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೆಲಸ ಒಂದೇ ಪ್ರೊಸೆಸರ್ ಒಳಗೆ ಸೇರಿಹೋಯಿತು.

ಇನ್ನು ಆ ಹಳೆ ಜಿಯಾನ್ ಜೋಡಿ. ಉದಾಹರಣೆಗೆ 2012ರ ಇ5-2670: 8 ಕೋರ್, 115 ವಾಟ್. ಎರಡಕ್ಕೆ 230 ವಾಟ್, ಬೆಸ್ಕಾಂ ಬಿಲ್ ಕಟ್ಟುವವರು ನೀವೇ. ಒಂದೊಂದು ಸಾಕೆಟ್‌ಗೂ ಬೇರೆ ಬೇರೆ ರ‍್ಯಾಮ್. ಪಕ್ಕದ್ದರ ರ‍್ಯಾಮ್ ಮುಟ್ಟಲು ಹೊತ್ತು ಜಾಸ್ತಿ ಬೇಕು. ವಿಂಡೋಸ್ 10 ಹೋಮ್ ಒಂದೇ ಸಾಕೆಟ್ ಬಳಸುತ್ತದೆ, ಪ್ರೊ ಬೇಕು. ಎಲ್ಲಕ್ಕಿಂತ ಮುಖ್ಯ, ಈ ಜಿಯಾನ್‌ನಲ್ಲಿ ಗ್ರಾಫಿಕ್ಸ್ (ಚಿತ್ರ ಮೂಡಿಸುವ ಭಾಗ) ಇಲ್ಲ. ಹಾಗಾಗಿ ವಿಡಿಯೋ ಬಿಚ್ಚಿ ಕಟ್ಟುವ ಇಂಟೆಲ್‌ನ ಕ್ವಿಕ್ ಸಿಂಕ್ ಕೂಡ ಇಲ್ಲ. ರೆಂಡರ್‌ಗೆ ಅದೇ ಅಲ್ವಾ ಬೇಕಾಗಿದ್ದು? ನನ್ನ ಕೇಳಿದರೆ, ಅದೇ ದುಡ್ಡಿಗೆ ಗ್ರಾಫಿಕ್ಸ್ ಇರುವ ಒಂದು ಹೊಸ ಪ್ರೊಸೆಸರ್ ವಾಸಿ.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಲೆಕ್ಕ ಕೊಟ್ಟಿದ್ದರು. 10 ನಿಮಿಷದ ಕೆಲಸದಲ್ಲಿ 5 ನಿಮಿಷದ್ದು ಹಂಚಲಾಗದ್ದಾದರೆ, ಎರಡು ಪ್ರೊಸೆಸರ್ ಹಾಕಿದಾಗ ಏಳೂವರೆ ನಿಮಿಷ. ನೂರು ಹಾಕಿದರೂ 5ಕ್ಕಿಂತ ಕೆಳಗಿಳಿಯದು. ಲಗ್ನಪತ್ರಿಕೆ ಮಾಡುವ ಪೇಜ್‌ಮೇಕರ್‌ನಂಥ ಹಳೆ ಸಾಫ್ಟ್‌ವೇರ್‌ಗಂತೂ ಜೋಡಿಯಿಂದ ಲಾಭವೇ ಇಲ್ಲ ಎನ್ನಬಹುದು.

ಖರೀದಿಗೆ ಮೊದಲು ರೆಂಡರ್ ಓಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ನಾಲ್ಕು ಕೋರ್‌ನ ಮೆಷಿನ್ನಿನಲ್ಲಿ ಸಿಪಿಯು ಬಳಕೆ 25% ಆಸುಪಾಸಿನಲ್ಲೇ ನಿಂತಿದ್ದರೆ ಹೆಚ್ಚುಕಡಿಮೆ ಒಂದೇ ಕೋರ್ ದುಡಿಯುತ್ತಿದೆ ಎಂದರ್ಥ; ಎಸ್.ಪಿ. ರಸ್ತೆಗೆ ಹೋಗುವ ಬಸ್ ಚಾರ್ಜೂ ದಂಡ.